ಗಂಟಲಿಗೆ ಕೂರದ ಬಟ್ಟಲು

ಮಧುಗಿರಿ
18 ನವೆಂಬರ್ 2024

ನನ್ನ ಭವ್ಯಾ,

ನಿನಗೂ ನಿನ್ನ ಯಜಮಾನರಿಗೂ ಅತ್ತೆ ಮಾವಂದಿರಿಗೂ ಆ ಶಿವ ಒಳ್ಳೆಯದನ್ನೇ ಮಾಡಲಿ. ಆಸ್ಪತ್ರೆಯಿಂದ ಮನೆಗೆ ಬಂದು ವಾರದ ಮೇಲಾಯಿತು, ಇಷ್ಟು ದಿನ ನಾಲ್ಕು ಸಾಲು ಬರೆಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ನೀನು ಫೋನ್ ಮಾಡಿದಾಗಲೆಲ್ಲ ನಿಮ್ಮಪ್ಪನೇ ಎತ್ತಿಕೊಂಡು "ಚೆನ್ನಾಗವ್ಳೆ ಬುಡಮ್ಮ, ಮಲ್ಗವ್ಳೆ" ಎನ್ನುತ್ತಾರೆ. ನಾನು ಮಲಗಿರುವುದಿಲ್ಲ. ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿರುತ್ತೇನೆ. ಗಂಟಲು ಇನ್ನೂ ಒಡೆದೇ ಇದೆ, ನನ್ನ ದನಿ ಕೇಳಿದರೆ ನೀನು ಹೆದರುತ್ತೀಯ. ವಾಟ್ಸಾಪಿನಲ್ಲಿ ಕಳಿಸೋಣವೆಂದರೆ ಕೊರಟಗೆರೆಯ ಆ ಮನೆಯಲ್ಲಿ ನಿನ್ನ ಫೋನು ಎಲ್ಲರ ಕೈಗೂ ಹೋಗುತ್ತದೆ. ನಿಮ್ಮೂರಿನ ಶಾಲೆಗೆ ದಿನಾ ಹೋಗಿಬರುವ ಲೋಹಿತಾ ಟೀಚರ್ ಇದನ್ನು ನಿನ್ನ ಕೈಗೇ ಕೊಡುತ್ತಾರೆ.

ಹೊಲಿಗೆ ಅಂಗಡಿಯ ಬಾಗಿಲು ಇನ್ನೂ ತೆಗೆದಿಲ್ಲ. ನಾಗಲಮಡಿಕೆಯ ರಂಗಕ್ಕ ಮಗಳ ಮದುವೆಯ ರವಿಕೆ ಕಣಗಳನ್ನು ತಂದಿಟ್ಟು, "ನೀ ಎದ್ದ ಮ್ಯಾಕೇ ಹೊಲ್ಕೊಡು ಕಣಕ್ಕ, ಬ್ಯಾರೆಯೋರ್ಗೆ ಕೊಡಾಕಿಲ್ಲ" ಎಂದು ಹೋದಳು. ಆ ಒಂದು ಮಾತಿಗೆ ಕಣ್ಣು ತುಂಬಿತು. ಈಗೀಗ ಸುಮ್ಮಸುಮ್ಮನೆ ಅಳು ಬರುತ್ತದೆ.

ಪಿತ್ತಕೋಶದ ಕಲ್ಲು ತೆಗೆದರು, ಎಲ್ಲ ಸಲೀಸಾಗಿ ಆಯಿತು ಎಂದಷ್ಟೇ ನಿಮ್ಮಪ್ಪ ನಿನಗೆ ಹೇಳಿರುತ್ತಾರೆ. ಹೇಳದೇ ಬಿಟ್ಟದ್ದು ಬೇಕಾದಷ್ಟಿದೆ.

ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ಕೊಡುವ ಡಾಕ್ಟರು ಬಂದರು. ಅಂಜನ್ ಕುಮಾರ್ ಎಂದು, ಶಿರಾ ಕಡೆಯ ಹುಡುಗ, ಇನ್ನೂ ಓದುತ್ತಿದ್ದಾನೆ. ಬಾಯಿ ತೆರೆಸಿ ನೋಡಿದ, ಕತ್ತು ಎಷ್ಟು ಬಾಗುತ್ತದೆಂದು ನೋಡಿದ, ಆಮೇಲೆ ತೂಕ ಕೇಳಿದ. ನಾನು ಬಾಯಿ ತೆಗೆಯುವ ಮೊದಲೇ ನಿಮ್ಮಪ್ಪ "ಎಂಬತ್ತು ಬರ್ಕಳಿ ಸಾರ್" ಎಂದುಬಿಟ್ಟರು. ಅಕ್ಕಪಕ್ಕದ ಮಂಚದವರು ಕೇಳಿಸಿಕೊಳ್ಳುತ್ತಿದ್ದರಲ್ಲ, ಅದಕ್ಕೆ. ಹುಡುಗ ನನ್ನನ್ನೊಮ್ಮೆ ನೋಡಿ ಮೆಲ್ಲಗೆ ಹೇಳಿದ: "ಅಮ್ಮ, ಪ್ರಜ್ಞೆ ತಪ್ಪಿಸಿದ ಮೇಲೆ ನಿಮ್ಮ ಉಸಿರು ನಮ್ಮ ಕೈಲಿರುತ್ತೆ. ತೂಕ ತಪ್ಪಾದ್ರೆ ಔಷಧಿನೂ ತಪ್ಪಾಗುತ್ತೆ."

ವಾರ್ಡಿನ ತೂಕದ ಯಂತ್ರ ನೂರಕ್ಕೇ ಮುಗಿಯುತ್ತಿತ್ತು. ದೊಡ್ಡದು ರಿಪೇರಿಗೆ ಹೋಗಿದೆಯಂತೆ. ನನ್ನನ್ನು ಅಡುಗೆಮನೆಯ ಹಿಂದಿನ ಉಗ್ರಾಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ಅಕ್ಕಿ ಮೂಟೆ ತೂಗುವ ಯಂತ್ರವಿತ್ತು. ರಂಗಯ್ಯ ಎಂಬ ವಯಸ್ಸಾದ ಮನುಷ್ಯ ಮೂಟೆಯನ್ನು ಕೆಳಗಿಳಿಸಿ, ಕೈಯಿಂದ ಧೂಳು ಒರೆಸಿ, "ಹತ್ತಮ್ಮ" ಎಂದು ಆ ಕಡೆ ತಿರುಗಿ ನಿಂತ. ನಿಮ್ಮಪ್ಪ ಗೋಡೆ ನೋಡುತ್ತಿದ್ದರು. ನೂರಾ ಹದಿನೆಂಟು ಎಂದು ಸಿಸ್ಟರ್ ಗಟ್ಟಿಯಾಗಿ ಓದಿದಳು. ಊರಿನ ಹೆಂಗಸರ ಮೈಯನ್ನೆಲ್ಲ ಇಷ್ಟು ವರ್ಷ ಟೇಪು ಹಿಡಿದು ಅಳೆದಿದ್ದೇನೆ. ನನ್ನ ಮೈಗೆ ಮಾತ್ರ ಟೇಪು ಹಿಡಿದವಳಲ್ಲ, ಹಳೆಯ ರವಿಕೆ ಇಟ್ಟು ಒಂದಿಷ್ಟು ಹೆಚ್ಚಿಗೆ ಬಟ್ಟೆ ಬಿಟ್ಟು ಕತ್ತರಿಸಿಕೊಳ್ಳುತ್ತಿದ್ದೆ. ಆ ಮೂಟೆಗಳ ನಡುವೆ ನಿಂತಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸಂಜೆ ಆ ಹುಡುಗ ಮತ್ತೆ ಬಂದ. ಈ ಸಲ ಸ್ಟೂಲು ಎಳೆದುಕೊಂಡು ಕೂತ. ದಪ್ಪಗಿರುವವರಿಗೆ ಪ್ರಜ್ಞೆ ತಪ್ಪಿಸಿದಾಗ ನಾಲಗೆ, ಕತ್ತಿನ ಮಾಂಸ ಎಲ್ಲ ಒಳಕ್ಕೆ ಕುಸಿದು ಉಸಿರಿನ ದಾರಿ ಬೇಗ ಮುಚ್ಚಿಕೊಳ್ಳುತ್ತದಂತೆ. ದಾರಿ ತೆರೆದಿಡಲು ಎರಡು ಬಗೆ ಇವೆಯಂತೆ. ಒಂದು, ಶ್ವಾಸನಾಳದೊಳಕ್ಕೇ ಇಳಿಸುವ ಕೊಳವೆ. ಇನ್ನೊಂದು, ಗಂಟಲ ಮೇಲ್ಗಡೆಯೇ ಕೂರುವ ಮೆತ್ತನೆಯ ಬಟ್ಟಲಿನಂಥದ್ದು. ಅದರಿಂದ ಗಂಟಲಿಗೆ ನೋವು ಕಡಿಮೆ. ದಪ್ಪ ಮೈಯವರಿಗೆ ಯಾವುದು ಹೆಚ್ಚು ಒಳ್ಳೆಯದೆಂದು ಅವರು ಹೋಲಿಸಿ ನೋಡುತ್ತಿದ್ದಾರೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ.

"ನೀವು ಒಪ್ಪಿದ್ರೆ ಮಾತ್ರ ಅಮ್ಮ. ಬೇಡ ಅಂದ್ರೂ ಚಿಕಿತ್ಸೇಲಿ ಏನೂ ಕಮ್ಮಿಯಾಗಲ್ಲ."

"ಇವೆಲ್ಲ ಬ್ಯಾಡ ಸಾರ್, ನಮ್ಮನೆಯವ್ಳ ಮ್ಯಾಲೆ ಯಾಕೆ ಪ್ರಯೋಗ" ಎಂದರು ನಿಮ್ಮಪ್ಪ.

ನಾನು ಸಹಿ ಹಾಕಿದೆ. ನಗಬೇಡ, ಈ ಮೈಯನ್ನು ಯಾರಾದರೂ ಬೇಕೆಂದು ಕೇಳಿದ್ದು ಅದೇ ಮೊದಲು.

ನನಗೆ ಬಂದದ್ದು ಬಟ್ಟಲು. ಅದು ನನ್ನ ಗಂಟಲಲ್ಲಿ ಸರಿಯಾಗಿ ಕೂರಲಿಲ್ಲ. ಗಾಳಿ ಪಕ್ಕದಿಂದ ಸೋರಿ, ರಕ್ತದಲ್ಲಿ ಆಮ್ಲಜನಕ ಇಳಿಯತೊಡಗಿತಂತೆ. ಅವನ ಮೇಲಿನ ದೊಡ್ಡ ಡಾಕ್ಟರು ಕೂಡಲೇ ಅದನ್ನು ತೆಗೆದು ಕೊಳವೆ ಇಳಿಸಿದರು. ಒಂದೇ ಸಲಕ್ಕೆ ಇಳಿಯಲಿಲ್ಲ, ಅದಕ್ಕೇ ಈ ಗಂಟಲು. ಇದೆಲ್ಲ ನಡೆಯುವಾಗ ನನಗೆ ಏನೂ ತಿಳಿಯಲಿಲ್ಲ. ಮಾರನೆಯ ದಿನ ಹುಡುಗನೇ ಬಂದು, ಒಂದನ್ನೂ ಮುಚ್ಚಿಡದೆ ಹೇಳಿದ. ನಾನು ಉಸಿರಿನಲ್ಲೇ, "ನನ್ನ ಮೈ ಹಿಂಗಿರೋದಕ್ಕೆ ನಿಮ್ಗೆಲ್ಲ ತೊಂದ್ರೆ ಆಯ್ತಪ್ಪ" ಎಂದೆ.

"ಇಲ್ಲಮ್ಮ. ಸೋತಿದ್ದು ಆ ಸಾಧನ, ನೀವಲ್ಲ. ಇದು ನಿಮಗೆ ಹೊಂದಲಿಲ್ಲ ಅಂತಲೇ ನಾನು ಬರೆಯೋದು."

ಅವನು ಹೋದ ಮೇಲೆ ಬಹಳ ಹೊತ್ತು ಯೋಚಿಸಿದೆ. ರವಿಕೆ ಹಿಡಿಯಿತೆಂದು ಯಾರಾದರೂ ವಾಪಸ್ ತಂದರೆ ನಾನು ಕತ್ತರಿಸಿದ್ದು ತಪ್ಪಾಯಿತೆನ್ನುತ್ತೇನೆ, ಹೊಲಿಗೆ ಬಿಚ್ಚುತ್ತೇನೆ. ನಿಮ್ಮ ಮೈ ಸರಿಯಿಲ್ಲ ಎಂದು ಯಾರಿಗೂ ಅಂದವಳಲ್ಲ. ನನಗೆ ನಾನೇ ಮಾತ್ರ ದಿನಾ ಅಂದುಕೊಂಡೆ. ಈಗಲೂ ಅದು ಪೂರ್ತಿ ಬಿಟ್ಟಿಲ್ಲ ಭವ್ಯಾ. ನಿಮ್ಮಪ್ಪ ಮೊನ್ನೆ ಊಟ ಬಡಿಸುತ್ತಾ, ಎಂಬತ್ತು ಎಂದದ್ದಕ್ಕೆ ಏನೋ ಹೇಳಲು ಬಂದರು, ತಡವರಿಸಿದರು, ಇನ್ನೊಂದು ಮುದ್ದೆ ಹಾಕಲೇ ಎಂದರು. ಹಾಕಿ ಎಂದೆ. ಅದೇ ಮಾತುಕತೆ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಕಾಲಿಗೆ ಶಕ್ತಿಯಿರಲಿ, ಹಣೆಯ ಕುಂಕುಮ ಹಸನಾಗಿರಲಿ, ಮುಂದೆ ನಿನ್ನ ಮಡಿಲು ತುಂಬಿದಾಗ ಆ ಮಗು ನಿನ್ನ ತೋಳನ್ನೇ ದಿಂಬು ಮಾಡಿಕೊಳ್ಳಲಿ.

ನಿನ್ನ ಅಮ್ಮ,
ಶಿವರುದ್ರಮ್ಮ

ಮ. ವಿ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಆಪರೇಷನ್ ಮುಗಿಸಿ ವಾರ್ಡಿಗೆ ತಂದು ನನ್ನನ್ನು ಮಂಚಕ್ಕೆ ಸಾಗಿಸುವಾಗ ಆರು ಜನ ಬೇಕಾಯಿತು. ಒಬ್ಬ ಸೊಂಟ ಹೋಯಿತೆಂದ, ಉಳಿದವರು ನಕ್ಕರು. ನಿಮ್ಮಪ್ಪ ಔಷಧಿ ತರಲು ಹೋಗಿದ್ದರು. ನೀನು ಆಗಷ್ಟೇ ಬಂದು ಬಾಗಿಲಲ್ಲಿ ನಿಂತಿದ್ದೆ. ಸಿಸ್ಟರ್ ನಿನ್ನನ್ನು "ನಿಮ್ಮ ತಾಯೀನಾ?" ಎಂದು ಕೇಳಿದಳು. ನೀನು "ಅಲ್ಲ ಸಿಸ್ಟರ್, ನಮ್ಮೂರಿನೋರು" ಎಂದೆ. ನನಗೆ ಎಚ್ಚರವಾಗಿತ್ತು ಕಂದ. ಕಣ್ಣು ಬಿಟ್ಟರೆ ನಿನಗೆ ಮುಖ ಎತ್ತಲಾಗುವುದಿಲ್ಲವೆಂದು ಮುಚ್ಚಿಕೊಂಡೇ ಇದ್ದೆ. ಸಂಜೆ ಅದೇ ಸಿಸ್ಟರ್, ನೀನು ಇಟ್ಟುಹೋದ ಹಣ್ಣಿನ ಚೀಲ ತೋರಿಸಿ, "ನಿಮ್ಮೂರಿನೋರು ಒಬ್ರು ಬಂದಿದ್ರು, ಯಾರಮ್ಮ ಅವ್ರು?" ಎಂದಳು. ದನಿಯೇ ಇರಲಿಲ್ಲ, ಆದರೂ ಹೇಳಿದೆ: "ಹೂಂ, ನಮ್ಮೂರಿನೋರೇ. ಬಲು ಒಳ್ಳೆ ಹುಡ್ಗಿ."