ಬೆಳಗಿನ ಮೊದಲ ಸ್ಟಾರ್ಟ್

ಸೆಪ್ಟೆಂಬರ್ 3, ಬೆಳಿಗ್ಗೆ 8
ಕೋಡಿಂಬಾಳಕ್ಕೆ ಹೋಗಿ ಬಂದೆ. ಹಳೇ ಜೀಪು, ಮಾರ್ಲಿಕ್ಕೆ ಉಂಟಂತೆ. ಹತ್ತು ಗಂಟೆಗೆ ಬನ್ನಿ ಅಂದಿದ್ದ ಮಾರುವವ. ಹೋದದ್ದು ಆರಕ್ಕೆ. ಹಳೇ ಗಾಡಿಯ ಬ್ರೋಕರು ನಾನು, ನನ್ನ ಪದ್ಧತಿ ಅದು. ಮೊದಲು ಬಾನೆಟ್ ಮೇಲೆ ಕೈ ಇಡುದು. ಬಿಸಿ ಉಂಟಾ? ಹಾಗಾದರೆ ಓಡಿಸಿ ಇಟ್ಟಿದ್ದಾರೆ — ಎಂತದೋ ಮುಚ್ಚಲಿಕ್ಕೆ ಉಂಟು. ಬಿಸಿ ಎಂಜಿನ್ ಎಲ್ಲವೂ ಸಂಭಾವಿತ. ತಣ್ಣಗಿದ್ದಾಗ, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ, ಮೊದಲ ಓನರ್ ಮಾತಾಡ್ತಾನೆ. ಆಯಿಲ್ ಬದಲಿಸದವ, ಲೋಡು ಹೇರಿ ಗುಡ್ಡ ಹತ್ತಿಸಿದವ. ಎಷ್ಟು ಪೈಂಟ್ ಹೊಡೆದರೂ ಅವ ಇಳಿದು ಹೋಗುದಿಲ್ಲ.
ಬೇಡ ಅಂದೆ.

ಸೆಪ್ಟೆಂಬರ್ 5
ಬೆಳಿಗ್ಗೆ ಹಲ್ಲುಜ್ಜುತ್ತಿದ್ದೆ. ನಾನು ಕೆಮ್ಮಿದ್ದು ಕೇಳಿತು. ಎರಡು ಗಿಡ್ಡ, ಒಂದು ಉದ್ದ, ಕೊನೆಗೆ ತೆಳು ಸೀಟಿ. ಶಾಲೆ ಬಿಡುವ ಮೊದಲೇ ಹಿಡಿದ ಸಿಗರೇಟಿನದ್ದು, ನನ್ನದೇ ಕೆಮ್ಮು.
ಆದರೆ ನನ್ನ ಬಾಯಲ್ಲಿ ಬ್ರಶ್ ಇತ್ತು. ನಾನು ಕೆಮ್ಮಿರಲಿಲ್ಲ.
ಕೋಣೆಗೆ ಹೋದೆ. ಲೈಸಾ ಹಾಸಿಗೆಯಲ್ಲಿ ಎದ್ದು ಕೂತಿದ್ದಾಳೆ. ನಾಲ್ಕು ವರ್ಷದ ಮಗಳು. ಮೊಣಕಾಲಿಗೆ ಕೈ ಊರಿ, ಹೆಗಲು ಎತ್ತಿ... ನಾನು ಕೂರುವ ಹಾಗೆ.

ಸೆಪ್ಟೆಂಬರ್ 9
ಪುತ್ತೂರಿನ ಮಕ್ಕಳ ಡಾಕ್ಟ್ರು. ದಮ್ಮು ಅಂದರು. ಬಾಯಿಂದ ಎಳೆಯುವ ಮದ್ದಿನ ಪಂಪ್ ಬರೆದು ಕೊಟ್ಟರು.
“ಮನೆಯಲ್ಲಿ ಯಾರಾದ್ರೂ ಸೇದ್ತಾರಾ?”
“ಮದುವೆ ಆದ ಮೇಲೆ ಗೇಟಿನ ಒಳಗೆ ಒಂದೂ ಇಲ್ಲ ಡಾಕ್ಟ್ರೆ. ಇವಳ ಎದುರಂತೂ ಕೇಳುದೇ ಬೇಡ.”
“ಇವಳು ಹೊಟ್ಟೆಗೆ ಬರುವ ಮೊದಲು?”
“ಆಗ ಇವಳು ಇರಲೇ ಇಲ್ಲವಲ್ಲ!”
“ನೀವು ಇದ್ರಲ್ಲ.”
ಮಾತಿನಲ್ಲೇ ಅನ್ನ ತಿನ್ನುವವ ನಾನು. ಪಂಪಿನ ಚೀಟಿ ಮಡಚಿ ಕಿಸೆಗೆ ಹಾಕಿದೆ.
ಇವಳದ್ದು ಅದರಿಂದಲೇ ಅಂತ ಯಾರಿಗೂ ಹೇಳ್ಲಿಕ್ಕೆ ಆಗುದಿಲ್ಲವಂತೆ. ಆದರೆ ಅಪ್ಪ ಮೊದಲೇ ಸೇದಿದ ಹೊಗೆ ಬೀಜಕ್ಕೂ ತಾಗ್ತದಂತೆ. ಹೊಸ ಬೀಜ ತಯಾರಾಗ್ಲಿಕ್ಕೆ ಸುಮಾರು ಮೂರು ತಿಂಗಳು. “ಎರಡನೆಯದು ಬೇಕಾದ್ರೆ ಮೊದಲು ಬಿಡಿ. ಅಷ್ಟಾದ್ರೂ ಕಾಯಿರಿ.”
ಎರಡನೆಯದು ಬೇಕು ಅಂತ ವರ್ಷದಿಂದ ಹೇಳುದು ನನ್ನ ಹೆಂಡತಿ ಲಿನ್ಸಿ. ಕಾರಿನಲ್ಲಿ ಕಡಬದ ಮನೆಯವರೆಗೆ ಲೈಸಾಳ ಬೆನ್ನು ಉಜ್ಜುತ್ತ ಬಂದಳು. ಇಳಿಯುವಾಗ ನನ್ನನ್ನು ಕರೆದಳು — “ಇಚ್ಚಾಯಾ, ಒಂದೂ ಇಲ್ಲ. ಒಂದು ಸೇದಿದ್ರೂ ನನಗೆ ಇನ್ನೊಂದು ಮಗು ಬೇಡ. ಈ ಸೀಟಿ ಎರಡು ಹಾಸಿಗೆಯಿಂದ ಕೇಳ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಅಕ್ಟೋಬರ್ 2
ಬಾಯಲ್ಲಿ ಏಲಕ್ಕಿ. ಮೆಕ್ಯಾನಿಕ್ ಕಿಟ್ಟಣ್ಣನಿಗೆ ನಗೆ. “ಸಿಗರೇಟು ಬಿಟ್ಟ ಬ್ರೋಕರು, ಹಾಲು ಬಿಟ್ಟ ಬೆಕ್ಕು — ಎರಡನ್ನೂ ನಂಬಬಾರ್ದು ಮಾರಾಯ.”
ನಂಬಬಹುದು ಕಿಟ್ಟಣ್ಣ. ಈ ಸಲ ಗಾಡಿ ಕೊಳ್ಳುವ ಪಾರ್ಟಿ ನಾನೇ.

ನವೆಂಬರ್ 14
ಕಾಣಿಯೂರು. ಪಿಕಪ್ ವ್ಯಾಪಾರ. ಕುದುರುವ ಹೊತ್ತಿಗೆ ಪಾರ್ಟಿ ಸಿಗರೇಟು ಚಾಚಿದ. ಬೇಡ ಅಂದರೆ ಮುಖ ಕೆಡ್ತದೆ. ಒಂದು. ಒಂದೇ.
ಸೋಪು ಹಾಕಿ ಕೈ ತೊಳೆದು, ಬೇರೆ ಅಂಗಿ ಹಾಕಿ ಮನೆಗೆ ಬಂದೆ.
ಲಿನ್ಸಿ: “ಊಟದ ಹೊತ್ತಿಗೆ ಲೈಸಾ ಮೋಳಿಗೆ ದಮ್ಮು ಕಟ್ಟಿತು. ಎಂತಕ್ಕೆ ಅಂತ ಗೊತ್ತಿಲ್ಲ.”
ನಾನು ಸೇದಿದ್ದೂ ಅದೇ ಹೊತ್ತಿಗೆ.
ಲೈಸಾ ನನ್ನನ್ನು ಮೂಸಲಿಲ್ಲ. ಮೂಸಿದ್ದರೆ ಸಮಾಧಾನ ಇತ್ತು. ಬೆರಳು ನೋಡಿದಳು. “ಪಪ್ಪಾ, ಕಾಣಿಯೂರಲ್ಲಿ ಹೊಗೆ ಉಂಟಾ?”
ಎಲ್ಲಿಗೆ ಹೋಗುದು ಅಂತ ಮನೆಯಲ್ಲಿ ಹೇಳಿರಲಿಲ್ಲ.

ನವೆಂಬರ್ 29
ಒಂದೇ ಅಂದದ್ದು ಒಂದೇ ಆಗಲಿಲ್ಲ. ಸುಳ್ಯದಲ್ಲಿ. ಮತ್ತೆ ನರಿಮೊಗರಿನ ದಾರಿಯಲ್ಲಿ ಗಾಡಿ ನಿಲ್ಲಿಸಿ. ಪ್ರತಿ ಸಲ ಮನೆಗೆ ಫೋನ್ ಮಾಡುದು — “ಮೋಳು ಎಂತ ಮಾಡ್ತಾಳೆ?”
“ಪಂಪ್ ಕೊಡ್ತಾ ಇದ್ದೇನೆ. ನಿಮಗೆ ಹೇಗೆ ಗೊತ್ತಾಗ್ತದೆ ಇಚ್ಚಾಯಾ? ಅಪ್ಪನ ಕರುಳು ಅಂದ್ರೆ ಇದೇ.”
ಈಗ ಫೋನ್ ಮಾಡುದು ಬಿಟ್ಟಿದ್ದೇನೆ.

ಡಿಸೆಂಬರ್ 10
ಮೂರು ತಿಂಗಳು ಮುಗಿಯಿತು, ಒಂದೂ ಸೇದಿಲ್ಲ ಅಂದೆ. ಬ್ರೋಕರನ ಹೆಂಡತಿ, ಬಾಯಿ ಮಾತಿಗೆ ಬಗ್ಗಲಿಲ್ಲ. “ನಾಳೆ ನೀವು ಏಳುವ ಮೊದಲು ಎದೆಗೆ ಕಿವಿ ಇಟ್ಟು ನೋಡ್ತೇನೆ. ನೀವು ಜೀಪು ನೋಡುವ ಹಾಗೆ.”

ಡಿಸೆಂಬರ್ 11
ಅವಳಿಗಿಂತ ಮೊದಲು ಎದ್ದೆ. ನೀಲಗಿರಿ ಎಣ್ಣೆ ಹಾಕಿ ಹಬೆ ತೆಗೆದುಕೊಂಡೆ. ಬಿಸಿ ಬಿಸಿ ಕಾಳುಮೆಣಸಿನ ಕಷಾಯ. ಬಾವಿಯ ಆಚೆ ಹೋಗಿ ಇದ್ದದ್ದೆಲ್ಲ ಕೆಮ್ಮಿ ಉಗಿದು, ಬಂದು ಮಲಗಿದೆ.
ಲಿನ್ಸಿ ಕಿವಿ ಇಟ್ಟಳು. ತುಂಬಾ ಹೊತ್ತು. ಆಮೇಲೆ ನಕ್ಕಳು — “ಸಿಂಗಲ್ ಓನರ್. ಗಾಡಿ ಓಕೆ.” ಅಷ್ಟು ಖುಷಿಯಲ್ಲಿ ಅವಳನ್ನು ನೋಡದೆ ಎಷ್ಟು ಕಾಲ ಆಗಿತ್ತು.
ಬಾಗಿಲಲ್ಲಿ ಲೈಸಾ. ಯಾವಾಗ ಬಂದಳೋ. ಹತ್ತಿರ ಬಂದು ನನ್ನ ಎದೆಯ ಮೇಲೆ ಅಂಗೈ ಇಟ್ಟಳು.
“ಬಿಸಿ ಉಂಟು ಪಪ್ಪಾ.”
ನಾನು ಬಾನೆಟ್ ಮುಟ್ಟುವುದನ್ನು ಅವಳು ಒಂದು ದಿನವೂ ನೋಡಿದವಳಲ್ಲ.

ಫೆಬ್ರವರಿ 2
ಟೆಸ್ಟಿನಲ್ಲಿ ಎರಡು ಗೆರೆ. ಲಿನ್ಸಿ ಅತ್ತಳು, ನಕ್ಕಳು, ಕೇಕ್ ತರಿಸಿದಳು. ಡ್ಯಾಶ್‌ಬೋರ್ಡಿನಲ್ಲಿದ್ದ ಪ್ಯಾಕೆಟನ್ನು ಹೊಳೆಗೆ ಬಿಸಾಡಿ ಬಂದೆ. ಈ ಸಲ ನಿಜವಾಗಿ ಬಿಟ್ಟೆ. ಗಾಡಿ ಡೆಲಿವರಿ ಕೊಟ್ಟ ಮೇಲೆ ಆಯಿಲ್ ಬದಲಿಸಿದ ಹಾಗೆ.

ಮೇ 18, ಬೆಳಿಗ್ಗೆ 6
ಅಂದಿನಿಂದ ಒಂದೂ ಇಲ್ಲ. ಕೆಮ್ಮು ಪೂರ್ತಿ ಹೋಗಿದೆ. ಲೈಸಾಳದ್ದೂ ಈ ವಾರ ಇಲ್ಲ. ಅದೇ ಯಾಕೋ...
ಎದ್ದ ಕೂಡಲೇ ಅಮ್ಮನ ಹೊಟ್ಟೆಗೆ ಕಿವಿ ಇಡುದು ಅವಳ ಹೊಸ ಆಟ. ಇವತ್ತು ಇಟ್ಟವಳು ತೆಗೆಯಲೇ ಇಲ್ಲ.
“ಎಂತ ಕೇಳ್ತದೆ ಮೋಳೇ? ತಮ್ಮನಾ, ತಂಗಿಯಾ?” ಲಿನ್ಸಿ ಕೇಳಿದಳು.
“ಪಪ್ಪ.”
“ಪಪ್ಪ ಇಲ್ಲೇ ಇದ್ದಾರಲ್ಲ!”
“ಒಳಗೆ ಪಪ್ಪ ಕೆಮ್ಮುದು.”
ಲಿನ್ಸಿ ನಕ್ಕಳು. ನನ್ನ ಮುಖ ನೋಡಿದಳು. ನಗು ನಿಂತಿತು. “ಎಂತ ಇಚ್ಚಾಯಾ?... ಎಂತ? ಹೇಳಿ.”
ಲೈಸಾ ಸರಿದು ನನಗೆ ಜಾಗ ಕೊಟ್ಟಳು. ಅಂಗೈ ಇಟ್ಟು ನೋಡಿದೆ — ತಣ್ಣಗೆ ಉಂಟು. ಆಮೇಲೆ ಕಿವಿ ಇಟ್ಟೆ.
ಎರಡು ಗಿಡ್ಡ,