ಎರಡನೇ ಗೇರು

ಎಕ್ಕಂಬಿ
ಭಾನುವಾರ

ಚಿ. ಸೌ. ರಕ್ಷಿತಾಳಿಗೆ ಅಮ್ಮನ ಆಶೀರ್ವಾದ.

ಹೊಸ ಕಾರು ತಗೊಳ್ಳುವುದಾದರೆ ಕೈಯಲ್ಲಿ ಗೇರು ಹಾಕುವಂಥದ್ದೇ ಇರಲಿ ಎಂದು ಮೊನ್ನೆ ನಿನ್ನ ಹತ್ತಿರ ಹಟ ಹಿಡಿದೆನಲ್ಲ, ಕಾರಣ ಫೋನಿನಲ್ಲಿ ಹೇಳಲಾಗಲಿಲ್ಲ. ನಿನ್ನಪ್ಪ ಪಕ್ಕದಲ್ಲೇ ಕೂತಿದ್ದರು.

ನೀನು ಹುಟ್ಟುವ ಮೊದಲು ಅವರು ಎಡಗೈ ಮುರಿದುಕೊಂಡಿದ್ದರು. ಪ್ಲಾಸ್ಟರ್ ಹಾಕಿಕೊಂಡೇ ಹಳೇ ಜೀಪು ಓಡಿಸುತ್ತಿದ್ದರು. ಕ್ಲಚ್ ಒತ್ತಿ "ಎರಡು ಹಾಕೇ" ಎನ್ನುತ್ತಿದ್ದರು. ಪಕ್ಕದಲ್ಲಿ ಕೂತ ನಾನು ಗೇರು ಹಾಕುತ್ತಿದ್ದೆ. ಮದುವೆಯಾದ ಹೊಸತು, ಅದಕ್ಕಿಂತ ಹೆಚ್ಚು ಮಾತು ನಮ್ಮಲ್ಲಿರಲಿಲ್ಲ. ಕೈ ನೆಟ್ಟಗಾಗಿ ಪ್ಲಾಸ್ಟರ್ ತೆಗೆದರು. ಆದರೂ ಜೀಪು ಮಾರುವ ದಿನದವರೆಗೆ, ಏರು ಬಂದಾಗಲೆಲ್ಲ "ಎರಡು ಹಾಕೇ" ಎನ್ನುವುದನ್ನು ಅವರು ಬಿಡಲಿಲ್ಲ. ಯಾಕೆಂದು ನಾನೂ ಕೇಳಲಿಲ್ಲ.

ಅವರ ಮಂಡಿನೋವಿಗೆ ಕ್ಲಚ್ ಒತ್ತಬೇಕಿಲ್ಲದ ಆಟೋಮ್ಯಾಟಿಕ್ಕೇ ಒಳ್ಳೆಯದು ಎಂದು ನೀನು ಹೇಳಿದ್ದೆ. ನಿನ್ನೆ ಶಿರಸಿಯ ಶೋರೂಮಿನವರು ಅದನ್ನೇ ಓಡಿಸಿ ನೋಡಲು ಕೊಟ್ಟರು. ನಾನು ಮುಖ ಊದಿಸಿಕೊಂಡೇ ಮುಂದೆ ಕೂತೆ. ಕಾನಸೂರು ದಾರಿಯ ಏರಿನಲ್ಲಿ ನಿನ್ನಪ್ಪ ಜೀಪಿನ ಹಳೇ ರೂಢಿಯಂತೆ "ಎರಡು ಹಾಕೇ" ಅಂದುಬಿಟ್ಟರು. ನಾನು ಕೈ ಚಾಚಿದೆ. ಅಷ್ಟರಲ್ಲಿ ಗಾಡಿ ತನ್ನಷ್ಟಕ್ಕೆ ಏರು ಹತ್ತುತ್ತಿತ್ತು. ಅವರ ಎಡಗೈಗೆ ಬೇರೆ ಕೆಲಸವಿರಲಿಲ್ಲ, ಬಂದು ನನ್ನ ಕೈ ಮೇಲೆ ಕೂತಿತು. ಏರು ಮುಗಿದ ಮೇಲೂ ತೆಗೆಯಲಿಲ್ಲ.

ಆಟೋಮ್ಯಾಟಿಕ್ಕೇ ಬುಕ್ ಮಾಡು. ಮಂಡಿನೋವು ನೋಡಿ ಅಮ್ಮ ಒಪ್ಪಿದಳು ಎಂದಷ್ಟೇ ಅವರಿಗೆ ಹೇಳು.

ಇಂತಿ ನಿನ್ನ ಅಮ್ಮ,
ವೆಂಕಮ್ಮ