ಅಕ್ಕಡಿ ಸಾಲು ಬಿಡಬೇಡ, ಓಬಳಮ್ಮಜ್ಜಿ

ಹುಣಸೇಪಾಳ್ಯ
ಆಷಾಢ, ೨೨೧೪ನೇ ಇಸವಿ

ಓಬಳಮ್ಮಜ್ಜಿಗೆ ಹೊನ್ನಕ್ಕ ಮಾಡುವ ನಮಸ್ಕಾರ. ಮೇಲಿನ ಇಸವಿ ನೋಡಿ ಗಾಬರಿಯಾಗಬೇಡ. ನಾನು ನಿನ್ನ ಮೊಮ್ಮಗಳ ಮೊಮ್ಮಗಳ ಮಗಳು. ನಮ್ಮಲ್ಲಿ ಹಿಂದೋಲೆ ಎಂಬುದೊಂದಿದೆ, ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಅಂಚೆ; ಮನೆಗೆ ಒಂದೇ ಕಾಗದಕ್ಕೆ ಅವಕಾಶ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊ. ನಿನಗಿನ್ನೂ ಮೂವತ್ತು, ನನಗೆ ಅರವತ್ತು ದಾಟಿದೆ. ಆದರೂ ಅಜ್ಜಿ ನೀನೇ.

ಇಲ್ಲಿ ರಾಗಿ ಹೊಲದಲ್ಲಿ ಬಿಸಿಲುಕುಂಟೆ ಓಡಾಡುತ್ತದೆ. ಬಿಸಿಲಿನ ಬಲದಲ್ಲಿ ತಾನೇ ನಡೆಯುವ ಕುಂಟೆ ಅದು. ಸಾಲಿನ ನಡುವಿನ ಕಳೆಯನ್ನು ಬುಡಸಮೇತ ಮಗುಚುತ್ತದೆ, ಹೊಂಗೆ ನೆರಳು ಸಿಕ್ಕರೆ ಮಾತ್ರ ನಿಂತುಬಿಡುತ್ತದೆ. ಪಕ್ಕದ ಹೊಲದ ಈರಚಿಕ್ಕಪ್ಪ "ಏಯ್, ಏಳೇ ಸೋಂಬೇರಿ, ಇನ್ನೂ ಅರ್ಧ ಹೊಲ ಐತೆ!" ಎಂದು ಅದನ್ನು ದಿನಾ ಬೈಯುತ್ತಾನೆ. ಗಿಡದ ಬುಡದಲ್ಲಿರುವ ಕಳೆಗೆ ಕೈಯೇ ಬೇಕು. ಇವತ್ತು ನಮ್ಮ ಹೊಲ, ನಾಳೆ ಅವರದು ಎಂದು ಬೀದಿಯವರೆಲ್ಲ ಮುಯ್ಯಾಳಾಗಿ ಕೂತು ಕೀಳುತ್ತೇವೆ. ಮಡಿಲಿಗೆ ಬಿದ್ದ ಸೊಪ್ಪೆಲ್ಲ ರಾತ್ರಿಗೆ ಬೆರಕೆಸೊಪ್ಪಿನ ಸಾರು. ಸೊಂಟ ನೋಯುತ್ತದೆ, ಸುಳ್ಳು ಹೇಳುವುದಿಲ್ಲ.

ಈಗ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ವಿಷಯಕ್ಕೆ ಬರುತ್ತೇನೆ. ನಿನ್ನ ಯಜಮಾನರು ಈ ವರ್ಷ ಕಳೆ ಔಷಧಿ ತಂದಿಟ್ಟಿದ್ದಾರೆ. ಅದು ರಾಗಿಯನ್ನು ಬಿಡುತ್ತದೆ, ಅಗಲ ಎಲೆಯ ಅವರೆಯನ್ನು ಬಿಡುವುದಿಲ್ಲ. ಅದಕ್ಕೇ "ಈ ಸಲ ಅಕ್ಕಡಿ ಸಾಲು ಬ್ಯಾಡ ಕಣೇ, ಬರೀ ರಾಗಿ ಹಾಕಾನ" ಎನ್ನುತ್ತಿದ್ದಾರೆ. ರಾಗಿಯ ನಡುವೆ ಅವರೆ, ಹುಚ್ಚೆಳ್ಳು ಬಿತ್ತುವುದನ್ನು ಒಂದು ವರ್ಷ ಬಿಟ್ಟರೇನಂತೆ ಎಂದು ನಿನಗೂ ಅನಿಸುತ್ತಿದೆ. ಮುಂದೆ ನಡೆದದ್ದು ಕೇಳು. ಒಂದು ವರ್ಷ ಎರಡಾಯಿತು, ಇಟ್ಟ ಬೀಜಕ್ಕೆ ಹುಳ ಬಿತ್ತು. ಊರವರೂ ಹಾಗೇ ಬಿಟ್ಟಿದ್ದರಿಂದ ಕೇಳಿದರೂ ಯಾರಲ್ಲೂ ಇರಲಿಲ್ಲ. ಅವರೆ ಬಳ್ಳಿ ನೆಲ ಮುಚ್ಚಿ ಅಡಗಿಸುತ್ತಿದ್ದ ಕಳೆ ಮತ್ತೆ ಎದ್ದಿತು, ಔಷಧಿ ಇನ್ನೂ ಜಾಸ್ತಿಯಾಯಿತು. ನಮ್ಮ ಮನೆಯ ಕೆಂಪವರೆಯ ಸೊಗಡಿನ ಬಗ್ಗೆ ನನ್ನಮ್ಮ ಬಾಯಿತುಂಬ ಹೇಳುತ್ತಿದ್ದಳು, ಅವಳೂ ತಿಂದವಳಲ್ಲ. ನೆನೆದರೆ ಹೊಟ್ಟೆ ಉರಿಯುತ್ತದೆ ಅಜ್ಜಿ.

ನಿನ್ನನ್ನು ಬೈಯಲು ಬರೆಯುತ್ತಿಲ್ಲ. ಕಳೆಗೆ ಸಾಲಿನ ನಡುವೆ ಎಡೆಕುಂಟೆ ಎರಡು ಸಲ ಹೊಡೆಸು. ಕೈ ಸಾಲದಿದ್ದರೆ ಬೀದಿಯವರನ್ನು ಮುಯ್ಯಿಗೆ ಕರೆ, ನಾಚಿಕೆ ಬೇಡ. ಯಜಮಾನರು ಗೊಣಗಿದರೆ ಸೊಪ್ಪಿನ ಸಾರು ಬಡಿಸಿ ಬಾಯಿ ಮುಚ್ಚಿಸು. ಆ ಔಷಧಿ ಡಬ್ಬ ಅಂಗಡಿಗೇ ವಾಪಸು ಹೋಗಲಿ.

ಈ ಕಾಗದ ಅಂಚೆಗೆ ಹಾಕಿ ಬಂದವಳೇ ಅಟ್ಟ ಹತ್ತಿ ಬೀಜದ ಮಡಕೆಗೆ ಕೈ ಹಾಕುತ್ತೇನೆ. ನೀನು ಬಿತ್ತಿದ್ದರೆ ಕೆಂಪವರೆ ಕೈಗೆ ಸಿಗುತ್ತದೆ.

ನಿನ್ನ ಹೊಲದಲ್ಲೇ ಇರುವ
ಹೊನ್ನಕ್ಕ